ಗೋದಾಮಿಗೆ ಬೀಗ ಬಿದ್ದ ಮೇಲೆ ಚೀಟಿ ತೋರಿಸಿದರೆ?
ಓದುಗರ ಪ್ರಶ್ನೆಗಳಿಗೆ ಉತ್ತರ – ಡೇಟಾಬೇಸ್ ಸೆಷನ್ ಮತ್ತು ಲೇಜಿ ಲೋಡಿಂಗ್

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ತೊಡಕಿನ ನಾಲ್ಕು ಮುಖಗಳಂತಿದ್ದುದರಿಂದ ಅವುಗಳನ್ನು ಒಟ್ಟಿಗೆ ಎತ್ತಿಕೊಂಡಿದ್ದೇನೆ. ಮೊದಲನೆಯ ಪತ್ರದ ಉತ್ತರ ಉದ್ದವಾಗಿದೆ. ಉಳಿದ ಮೂವರು ಓದುಗರೂ ಅದನ್ನು ಓದಿಯೇ ತಮ್ಮ ಉತ್ತರಕ್ಕೆ ಬರಬೇಕೆಂದು ಕೋರುತ್ತೇನೆ.

ಪ್ರಶ್ನೆ: ನಮ್ಮ ಊರಿನ ಅಡಿಕೆ ಖರೀದಿ ಸಂಘಕ್ಕೆ ನಾನೂ ನನ್ನ ಗೆಳೆಯನೂ ಸೇರಿ ಸ್ಪ್ರಿಂಗ್ ಬೂಟ್ (ಜಾವಾದಲ್ಲಿ ವೆಬ್ ತಂತ್ರಾಂಶ ಕಟ್ಟುವ ಚೌಕಟ್ಟು) ಮತ್ತು ಹೈಬರ್ನೇಟ್ (ಡೇಟಾಬೇಸಿನ ಸಾಲುಗಳನ್ನು ಪ್ರೋಗ್ರಾಮಿನ ವಸ್ತುಗಳಾಗಿಸಿ ಕೊಡುವ ಸಾಧನ) ಬಳಸಿ ಒಂದು ವೆಬ್ ತಂತ್ರಾಂಶ ಬರೆದುಕೊಟ್ಟಿದ್ದೇವೆ. ಸದಸ್ಯರ ಪಟ್ಟಿಯ ಪುಟದಲ್ಲಿ ಪ್ರತಿಯೊಬ್ಬ ಕೃಷಿಕರ ಹೆಸರಿನ ಎದುರು ಅವರು ಈ ವರ್ಷ ತಂದ ಅಡಿಕೆಯ ಒಟ್ಟು ತೂಕ ಕಾಣಬೇಕು. ಮೊದಲು ಎಲ್ಲವೂ ಸರಿಯಾಗಿತ್ತು. ಸರ್ವರ್ ಶುರುವಾಗುವಾಗ ಓಪನ್-ಇನ್-ವ್ಯೂ ಕುರಿತು ಒಂದು ಎಚ್ಚರಿಕೆ ಬರುತ್ತದೆಂದು ಗೆಳೆಯ ಆ ಸೆಟ್ಟಿಂಗನ್ನು ಫಾಲ್ಸ್ ಮಾಡಿದ. ಅಂದಿನಿಂದ ಆ ಪುಟ ತೆರೆದರೆ ಲೇಜಿ ಇನಿಷಿಯಲೈಸೇಷನ್ ಎಕ್ಸೆಪ್ಷನ್ ಬರುತ್ತಿದೆ, ‘ನೋ ಸೆಷನ್’ ಎನ್ನುತ್ತದೆ. ಎಲ್ಲ ಕಡೆಯೂ ಲೇಜಿ ಇರುವಲ್ಲಿ ಈಗರ್ ಎಂದು ಬದಲಿಸಿದರೆ ಆಗಬಹುದೇ? ಅಥವಾ ಸೆಟ್ಟಿಂಗನ್ನು ಮೊದಲಿನಂತೆ ಮಾಡುವುದೇ ಒಳ್ಳೆಯದೇ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಎರಡೂ ಬೇಡ. ನಿಮ್ಮ ಗೆಳೆಯ ಮಾಡಿದ್ದು ಸರಿಯಾದ ಕೆಲಸವೇ, ಆದರೆ ಅದು ಅರ್ಧ ಕೆಲಸ. ಉಳಿದರ್ಧ ಏನೆಂದು ಹೇಳುವುದಕ್ಕೆ ಮುಂಚೆ ಸೆಷನ್ ಎಂದರೇನೆಂದು ನೋಡೋಣ.

ಸೆಷನ್ ಎಂಬುದು ನಿಮ್ಮ ಪ್ರೋಗ್ರಾಮು ಡೇಟಾಬೇಸಿನೊಂದಿಗೆ ನಡೆಸುವ ಒಂದು ವ್ಯವಹಾರದ ಅವಧಿ. ಆ ಅವಧಿಯಲ್ಲಿ ತಾನು ಓದಿದ ವಸ್ತುಗಳನ್ನೆಲ್ಲ ಅದು ನೆನಪಿನಲ್ಲಿಟ್ಟುಕೊಳ್ಳುತ್ತದೆ, ಒಬ್ಬನೇ ಸದಸ್ಯನನ್ನು ಎರಡು ಸಲ ಕೇಳಿದರೆ ಎರಡು ಪ್ರತಿ ಮಾಡದೆ ಅದೇ ವಸ್ತುವನ್ನು ಕೊಡುತ್ತದೆ, ನೀವು ಮಾಡಿದ ಬದಲಾವಣೆಗಳನ್ನು ಗಮನಿಸಿ ಕಮಿಟ್ ಆಗುವಾಗ, ಅಂದರೆ ಅವುಗಳನ್ನು ಖಾಯಂ ಮಾಡುವಾಗ, ಬರೆದಿಡುತ್ತದೆ. ಸದಸ್ಯನನ್ನು ಓದಿದಾಗ ಅವನ ತೂಕದ ದಾಖಲೆಗಳೆಲ್ಲ ಜೊತೆಗೇ ಬರುವುದಿಲ್ಲ. ಆ ಪಟ್ಟಿಯ ಜಾಗದಲ್ಲಿ ಹೈಬರ್ನೇಟ್ ಒಂದು ಚೀಟಿಯನ್ನು ಇಟ್ಟಿರುತ್ತದೆ. ‘ಮಾಲು ಗೋದಾಮಿನಲ್ಲಿದೆ, ಬೇಕಾದಾಗ ಈ ಚೀಟಿ ತೋರಿಸಿ ಪಡೆಯಿರಿ’ ಎಂಬ ಬಗೆಯ ಚೀಟಿ. ಇದೇ ಲೇಜಿ ಲೋಡಿಂಗ್. ಚೀಟಿ ಕೊಡದೆ ಮಾಲನ್ನು ಆಗಲೇ ತಂದುಕೊಡುವುದು ಈಗರ್. ಹೈಬರ್ನೇಟ್ ಪಾಲಿಸುವ ಜಾವಾ ಮಾನದಂಡವಾದ ಜೆಪಿಎಯ ನಿಯಮದ ಪ್ರಕಾರ ಒನ್-ಟು-ಮೆನಿ (ಒಬ್ಬ ಸದಸ್ಯನಿಗೆ ಹಲವು ದಾಖಲೆ) ಮತ್ತು ಮೆನಿ-ಟು-ಮೆನಿ ಸಂಬಂಧಗಳು ನೀವು ಬೇರೆ ಹೇಳದಿದ್ದರೆ ಲೇಜಿ. ಮೆನಿ-ಟು-ಒನ್ ಮತ್ತು ಒನ್-ಟು-ಒನ್ ಸಂಬಂಧಗಳು ಈಗರ್.

ಚೀಟಿ ನಡೆಯುವುದು ಗೋದಾಮು ತೆರೆದಿರುವಷ್ಟು ಹೊತ್ತು ಮಾತ್ರ. ನಿಮ್ಮ ಸರ್ವಿಸ್ ಮೆಥಡ್ಡಿನ ಮೇಲೆ ಟ್ರಾನ್ಸಾಕ್ಷನಲ್ ಎಂದು ಬರೆದಿರುತ್ತೀರಿ (ಟ್ರಾನ್ಸಾಕ್ಷನ್ ಎಂದರೆ ಆದರೆ ಪೂರ್ತಿ ಆಗುವ, ಇಲ್ಲದಿದ್ದರೆ ಏನೂ ಆಗದ ಡೇಟಾಬೇಸ್ ಕೆಲಸಗಳ ಗುಂಪು). ಆ ಮೆಥಡ್ ಮುಗಿದೊಡನೆ ಟ್ರಾನ್ಸಾಕ್ಷನ್ ಮುಗಿಯಿತು, ಸೆಷನ್ ಮುಚ್ಚಿತು, ಗೋದಾಮಿಗೆ ಬೀಗ ಬಿತ್ತು. ಆಮೇಲೆ ಟೆಂಪ್ಲೇಟ್ (ಪುಟದ ಅಚ್ಚು) ಪುಟವನ್ನು ಕಟ್ಟಲು ಕುಳಿತು ಸದಸ್ಯನ ತೂಕದ ಪಟ್ಟಿಯನ್ನು ಕೇಳುತ್ತದೆ. ಚೀಟಿ ಕೈಯಲ್ಲಿದೆ, ಬಾಗಿಲು ತೆರೆಯುವವರಿಲ್ಲ. ‘ನೋ ಸೆಷನ್’ ಎಂದರೆ ಇಷ್ಟೇ. ಓಪನ್-ಇನ್-ವ್ಯೂ ಸೆಟ್ಟಿಂಗ್ ಟ್ರೂ ಆಗಿದ್ದಾಗ ಪುಟ ಪೂರ್ತಿ ಸಿದ್ಧವಾಗುವವರೆಗೂ ಸೆಷನ್ ತೆರೆದೇ ಇರುತ್ತಿತ್ತು, ಆದ್ದರಿಂದ ತಪ್ಪು ಕಾಣಿಸುತ್ತಿರಲಿಲ್ಲ. ಸ್ಪ್ರಿಂಗ್ ಬೂಟ್ ಇಂದಿಗೂ ಅದನ್ನು ಟ್ರೂ ಎಂದೇ ಇಟ್ಟಿದೆ, 2018ರ 2.0 ಆವೃತ್ತಿಯಿಂದ ಮಾತ್ರ, ಪುಟ ಕಟ್ಟುವ ಹೊತ್ತಿನಲ್ಲೂ ಕ್ವೆರಿಗಳು (ಡೇಟಾಬೇಸಿಗೆ ಕಳುಹಿಸುವ ಕೋರಿಕೆಗಳು) ಓಡಬಹುದು ಎಂದು ಲಾಗಿನಲ್ಲಿ ಎಚ್ಚರಿಸುತ್ತದೆ. ಹೊಸಬರು ಮೊದಲ ದಿನವೇ ಎಡವಬಾರದೆಂಬ ಉದ್ದೇಶ ಒಳ್ಳೆಯದೇ, ಆದರೆ ಇದರಿಂದ ಅವರು ಎಡವುವುದು ತಪ್ಪುವುದಿಲ್ಲ, ಮುಂದಕ್ಕೆ ಹೋಗುತ್ತದೆ ಅಷ್ಟೇ ಎಂಬುದು ನನ್ನ ಅಭಿಪ್ರಾಯ.

ನಿಮಗೆ ಕಾಣದೆ ಇದ್ದದ್ದು ಇದು: 200 ಸದಸ್ಯರ ಪಟ್ಟಿಯನ್ನು ತರಲು ಒಂದು ಕ್ವೆರಿ ಹೋಯಿತು. ಆಮೇಲೆ ಟೆಂಪ್ಲೇಟ್ ಒಬ್ಬೊಬ್ಬರ ಹೆಸರಿಗೆ ಬಂದಾಗಲೂ ಅವರ ತೂಕದ ಪಟ್ಟಿಗಾಗಿ ಇನ್ನೊಂದೊಂದು ಕ್ವೆರಿ ಹೋಯಿತು. ಒಟ್ಟು 201. ಇದನ್ನು ಎನ್ ಪ್ಲಸ್ ಒನ್ ಎಂದು ಕರೆಯುತ್ತಾರೆ. ತೋಟದಿಂದ ಪೇಟೆಗೆ ಒಂದೊಂದು ಗೋಣಿಗೆ ಒಂದೊಂದು ಸಲ ಜೀಪು ಓಡಿಸಿದ ಹಾಗೆ. ಪ್ರತಿ ಗೋಣಿಯೂ ಹಗುರವಾಗಿಯೇ ಇದೆ, ಖರ್ಚೆಲ್ಲ ದಾರಿಯದ್ದು. ನಿಮ್ಮ ಕಂಪ್ಯೂಟರಿನಲ್ಲಿ ಡೇಟಾಬೇಸೂ ಪ್ರೋಗ್ರಾಮೂ ಒಂದೇ ಕಡೆ ಇರುವುದರಿಂದ ಪರೀಕ್ಷಿಸುವಾಗ ದಾರಿಯ ಖರ್ಚು ಗೊತ್ತಾಗುವುದಿಲ್ಲ, ಡೇಟಾಬೇಸ್ ಬೇರೆ ಸರ್ವರಿಗೆ ಹೋದ ದಿನ ಗೊತ್ತಾಗುತ್ತದೆ.

ಈಗರ್ ಮಾಡಿದರೆ ಇದು ತಪ್ಪುತ್ತದೆಯೇ? ತಪ್ಪುವುದಿಲ್ಲ. ಸದಸ್ಯನನ್ನು ಸಂಖ್ಯೆಯಿಂದ ನೇರವಾಗಿ ಹುಡುಕಿದಾಗ ಹೈಬರ್ನೇಟ್ ಈಗರ್ ಸಂಬಂಧವನ್ನು ಜಾಯಿನ್ ಮಾಡಿ (ಎರಡು ಟೇಬಲುಗಳನ್ನು ಜೋಡಿಸಿ) ಒಂದೇ ಕ್ವೆರಿಯಲ್ಲಿ ತರಬಹುದು. ಆದರೆ ನೀವು ಜೆಪಿಎಯ ಕ್ವೆರಿ ಭಾಷೆಯಾದ ಜೆಪಿಕ್ಯೂಎಲ್ಲಿನಲ್ಲಿ ‘ಎಲ್ಲ ಸದಸ್ಯರನ್ನು ಕೊಡು’ ಎಂದು ಬರೆದಾಗ ಅದು ನೀವು ಬರೆದಷ್ಟನ್ನೇ ಮೊದಲು ನಡೆಸಿ, ಆಮೇಲೆ ಈಗರ್ ಎಂದ ತಪ್ಪಿಗೆ ಪ್ರತಿಯೊಬ್ಬರಿಗೂ ಪ್ರತ್ಯೇಕ ಕ್ವೆರಿ ಕಳುಹಿಸುತ್ತದೆ. ಅವೇ 201. ಮೇಲಾಗಿ ಈಗರ್ ಎಂಬುದನ್ನು ಎಂಟಿಟಿಯ (ಟೇಬಲಿಗೆ ಪ್ರತಿಯಾಗಿ ನಿಲ್ಲುವ ಕ್ಲಾಸಿನ) ಮೇಲೆ ಬರೆಯುತ್ತೀರಿ, ಆದ್ದರಿಂದ ಅದು ಎಲ್ಲ ಪುಟಗಳಿಗೂ ಅನ್ವಯಿಸುತ್ತದೆ. ಒಬ್ಬರ ಫೋನ್ ನಂಬರು ತಿದ್ದಲು ಹೋದರೂ ಅವರ ಹತ್ತು ವರ್ಷಗಳ ಅಡಿಕೆಯ ಲೆಕ್ಕವೆಲ್ಲ ಹಿಂದೆಯೇ ಬರುತ್ತದೆ. ಒಂದು ಪುಟಕ್ಕೆ ಯಾವ ಮಾಹಿತಿ ಬೇಕು ಎಂಬುದನ್ನು ಆ ಪುಟದ ಕ್ವೆರಿಯೇ ಹೇಳಬೇಕು, ಎಂಟಿಟಿ ಹೇಳಬಾರದು. ನಾನಂತೂ ಮೆನಿ-ಟು-ಒನ್ ಸಂಬಂಧಗಳನ್ನು ಕೂಡ ಲೇಜಿ ಎಂದು ಬಾಯಿಬಿಟ್ಟು ಬರೆಯುತ್ತೇನೆ.

ಹುಡುಕಿದರೆ ಮೂರನೆಯ ದಾರಿಯೊಂದೂ ನಿಮಗೆ ಸಿಗುತ್ತದೆ: ಹೈಬರ್ನೇಟಿನ ಎನೇಬಲ್ ಲೇಜಿ ಲೋಡ್ ನೋ ಟ್ರಾನ್ಸ್ ಎಂಬ ಸೆಟ್ಟಿಂಗ್. ಅದನ್ನು ಹಾಕಿದರೆ ಎಕ್ಸೆಪ್ಷನ್ ಮಾಯವಾಗುತ್ತದೆ, ಏಕೆಂದರೆ ಪ್ರತಿ ಚೀಟಿಗೂ ಒಂದೊಂದು ತಾತ್ಕಾಲಿಕ ಸೆಷನ್ ತೆರೆದು ಮುಚ್ಚಲಾಗುತ್ತದೆ. ಹಿಂದೊಮ್ಮೆ ಬೇರೊಬ್ಬರ ಕೆಲಸವನ್ನು ಬೇಗ ಮುಗಿಸಿಕೊಡುವ ಆತುರದಲ್ಲಿ ನಾನೂ ಇದನ್ನು ಹಾಕಿ ಮನೆಗೆ ಹೋಗಿದ್ದೆ. ತಿಂಗಳಿನ ವರದಿ ತೆಗೆದ ದಿನ ಆ ಸರ್ವರ್ ಮೇಲೇಳಲಿಲ್ಲ. ಒಂದೇ ವರದಿಯ ಎರಡು ಅಂಕಣಗಳು ಬೇರೆ ಬೇರೆ ಟ್ರಾನ್ಸಾಕ್ಷನ್ನಿನಲ್ಲಿ ಓದಿದವಾದ್ದರಿಂದ ಮೊತ್ತಗಳೂ ಒಂದಕ್ಕೊಂದು ತಾಳೆಯಾಗಲಿಲ್ಲ, ಅದು ನಿಧಾನಕ್ಕಿಂತ ದೊಡ್ಡ ತಲೆನೋವಾಯಿತು.

ಹಾಗಾದರೆ ಮಾಡಬೇಕಾದ್ದೇನು? ನಿಮ್ಮ ಪುಟಕ್ಕೆ ಬೇಕಾದ್ದನ್ನು ಇನ್ನೊಮ್ಮೆ ಓದಿ: ಹೆಸರು ಮತ್ತು ಒಟ್ಟು ತೂಕ. ತೂಕದ ದಾಖಲೆಗಳು ಬೇಕಾಗಿಯೇ ಇಲ್ಲ, ಅವುಗಳ ಮೊತ್ತ ಸಾಕು. ಮೊತ್ತ ಹಾಕುವುದು ಡೇಟಾಬೇಸಿನ ಕೆಲಸ. ಸದಸ್ಯರನ್ನು ತೂಕದ ದಾಖಲೆಗಳೊಂದಿಗೆ ಲೆಫ್ಟ್ ಜಾಯಿನ್ ಮಾಡಿ, ಸದಸ್ಯ ಸಂಖ್ಯೆ ಮತ್ತು ಹೆಸರಿನ ಮೇಲೆ ಗ್ರೂಪ್ ಬೈ ಮಾಡಿ, ಸಂಖ್ಯೆ, ಹೆಸರು, ತೂಕದ ಸಮ್ – ಈ ಮೂರನ್ನಷ್ಟೇ ಹಿಡಿದಿಡುವ ಒಂದು ಸಣ್ಣ ಕ್ಲಾಸಿಗೆ ತುಂಬಿಸಿಕೊಳ್ಳಿ. ಲೆಫ್ಟ್ ಜಾಯಿನ್ ಎಂದು ಒತ್ತಿ ಹೇಳಿದ್ದಕ್ಕೆ ಕಾರಣವಿದೆ: ಬರೀ ಜಾಯಿನ್ ಮಾಡಿದರೆ ಈ ವರ್ಷ ಇನ್ನೂ ಅಡಿಕೆ ತಾರದ ಸದಸ್ಯರು ಪಟ್ಟಿಯಿಂದಲೇ ಬಿಟ್ಟುಹೋಗುತ್ತಾರೆ, ಮಹಾಸಭೆಯಲ್ಲಿ ಉತ್ತರ ಹೇಳಬೇಕಾದವರು ನೀವು. ‘ಈ ವರ್ಷ’ ಎಂಬ ಷರತ್ತನ್ನೂ ಅದೇ ಕಾರಣಕ್ಕೆ ವೇರ್ ಭಾಗದಲ್ಲಿಡದೆ ಜಾಯಿನ್ನಿನ ಆನ್ ಭಾಗದಲ್ಲೇ ಇಡಿ. ಆಗ 201ರ ಜಾಗದಲ್ಲಿ ಒಂದೇ ಕ್ವೆರಿ, ಚೀಟಿಯೇ ಇಲ್ಲದ ಕಾರಣ ಟೆಂಪ್ಲೇಟಿಗೆ ಸೆಷನ್ನಿನ ಹಂಗೂ ಇಲ್ಲ.

ಒಬ್ಬ ಸದಸ್ಯರ ವಿವರದ ಪುಟದಲ್ಲಿ ಮಾತ್ರ ಎಂಟಿಟಿ ಬೇಕಾಗುತ್ತದೆ. ಹೊಸತೆಷ್ಟು, ಹಳತೆಷ್ಟು, ಪಟೋರ, ಉಳ್ಳಿ, ಕರಿಗೋಟು ಎಷ್ಟೆಷ್ಟು ಎಂದು ಸಾಲು ಸಾಲಾಗಿ ತೋರಿಸಬೇಕಾದ ಅಲ್ಲಿ ಜಾಯಿನ್ ಫೆಚ್ ಬಳಸಿ. ಸದಸ್ಯನೂ ತೂಕದ ದಾಖಲೆಗಳೂ ಒಟ್ಟಿಗೆ ಬರುತ್ತವೆ. 2013ರ ಜೆಪಿಎ 2.1ರಿಂದ ಇರುವ ಎಂಟಿಟಿ ಗ್ರಾಫ್ ಮಾಡುವುದೂ ಇದನ್ನೇ. ಕ್ವೆರಿಯನ್ನು ಮುಟ್ಟದೆ, ಈ ಸಲಕ್ಕೆ ಇವುಗಳನ್ನು ಜೊತೆಗೆ ತಾ ಎಂದು ಹೇಳುವ ಅನುಕೂಲ ಅದರಲ್ಲಿದೆ.

ಎರಡು ಕಡೆ ಜಾಗ್ರತೆ ಬೇಕು. ಸದಸ್ಯರ ಪಟ್ಟಿಯನ್ನು ಪುಟಕ್ಕೆ 20ರಂತೆ ಒಡೆಯುವಾಗ ಅದೇ ಕ್ವೆರಿಯಲ್ಲಿ ಪಟ್ಟಿಯೊಂದನ್ನು ಜಾಯಿನ್ ಫೆಚ್ ಮಾಡಿದರೆ, ಹೈಬರ್ನೇಟಿಗೆ 20 ಸಾಲು ಎಂದರೆ 20 ಸದಸ್ಯರಲ್ಲವೆಂದು ಗೊತ್ತಿರುವುದರಿಂದ ಎಲ್ಲ ಸಾಲುಗಳನ್ನೂ ಮೆಮೊರಿಗೆ ತಂದು ಅಲ್ಲಿ 20 ಜನರನ್ನು ಆರಿಸುತ್ತದೆ. ಲಾಗಿನಲ್ಲಿ ಒಂದು ಸಾಲಿನ ಎಚ್ಚರಿಕೆ ಬಿಟ್ಟರೆ ಬೇರೆ ಸದ್ದೇ ಇರುವುದಿಲ್ಲ. ಮೊದಲು 20 ಸದಸ್ಯ ಸಂಖ್ಯೆಗಳನ್ನಷ್ಟೇ ತಂದು, ಎರಡನೆಯ ಕ್ವೆರಿಯಲ್ಲಿ ಆ ಸಂಖ್ಯೆಗಳವರನ್ನು ಫೆಚ್ ಮಾಡಿದರೆ ಇದು ತಪ್ಪುತ್ತದೆ.

ಇನ್ನೊಂದು ನಮ್ಮ ಜಿಲ್ಲೆಯವರಿಗೆ ವಿಶೇಷವಾಗಿ ಬರುವ ತೊಡಕು. ಕಾಸರಗೋಡಿನಲ್ಲಿ ತಂತ್ರಾಂಶ ಬರೆಯುವವರು ಹೆಸರು, ವಿಳಾಸಗಳನ್ನು ಕನ್ನಡದಲ್ಲೂ ಮಲಯಾಳದಲ್ಲೂ ಇಂಗ್ಲಿಷಿನಲ್ಲೂ ಇಡಬೇಕಾಗುತ್ತದೆ. ಇದಕ್ಕೆ ಭಾಷೆಗೊಂದು ಸಾಲಿರುವ ಬೇರೆ ಟೇಬಲ್ ಮಾಡುವುದು ರೂಢಿ. ಅದೂ ಒಂದು ಲೇಜಿ ಪಟ್ಟಿಯೇ. ತೂಕದ ಪಟ್ಟಿಯನ್ನೂ ಹೆಸರುಗಳ ಪಟ್ಟಿಯನ್ನೂ ಒಂದೇ ಕ್ವೆರಿಯಲ್ಲಿ ಫೆಚ್ ಮಾಡಲು ಹೋದರೆ, ಎರಡೂ ಲಿಸ್ಟ್ ಆಗಿದ್ದಲ್ಲಿ ಮಲ್ಟಿಪಲ್ ಬ್ಯಾಗ್ ಫೆಚ್ ಎಕ್ಸೆಪ್ಷನ್ ಬರುತ್ತದೆ. ಲಿಸ್ಟನ್ನು ಸೆಟ್ ಮಾಡಿದರೆ ಎಕ್ಸೆಪ್ಷನ್ ಹೋಗುತ್ತದೆ ಎಂಬ ಸಲಹೆ ನಿಮ್ಮ ಕಿವಿಗೂ ಬೀಳಬಹುದು. ಹೋಗುವುದು ನಿಜ, ಆದರೆ 40 ತೂಕದ ದಾಖಲೆ ಮತ್ತು 3 ಹೆಸರುಗಳಿರುವ ಒಬ್ಬ ಸದಸ್ಯನಿಗೆ ಡೇಟಾಬೇಸಿನಿಂದ 43 ಸಾಲು ಬರುವ ಬದಲು 120 ಸಾಲು ಬರುತ್ತದೆ. ಒಂದನ್ನು ಫೆಚ್ ಮಾಡಿ, ಇನ್ನೊಂದಕ್ಕೆ ಬ್ಯಾಚ್ ಸೈಜ್ (ಒಂದು ಕ್ವೆರಿಯಲ್ಲಿ ಎಷ್ಟು ಮಂದಿಯ ಪಟ್ಟಿ ತರಬೇಕೆಂಬ ಸಂಖ್ಯೆ) ಹಾಕಿ. ಬ್ಯಾಚ್ ಸೈಜ್ 50 ಎಂದಿಟ್ಟರೆ 200 ಸದಸ್ಯರ ಹೆಸರುಗಳಿಗೆ 200 ಕ್ವೆರಿಗಳ ಬದಲು 4 ಸಾಕು. ಅಡಿಕೆಯ ದರ್ಜೆಗಳ ಪಟ್ಟಿಯಂಥ, ವರ್ಷಕ್ಕೊಮ್ಮೆಯೂ ಬದಲಾಗದ ಸಣ್ಣ ಟೇಬಲನ್ನು ಕ್ಯಾಶ್‌ನಲ್ಲಿ, ಅಂದರೆ ಮತ್ತೆ ಮತ್ತೆ ಓದಬೇಕಾಗದಂತೆ ಮೆಮೊರಿಯಲ್ಲಿ, ಇಟ್ಟುಬಿಡಿ, ಅದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಓಪನ್-ಇನ್-ವ್ಯೂ ಫಾಲ್ಸ್ ಆಗಿಯೇ ಇರಲಿ. ಈಗ ಎಕ್ಸೆಪ್ಷನ್ ಬರುವ ಪುಟಗಳನ್ನು ಒಂದೊಂದಾಗಿ ಸರಿಪಡಿಸುತ್ತ ಹೋಗಿ. ಎಲ್ಲೆಲ್ಲಿ ಕದ್ದು ಕ್ವೆರಿ ಹೋಗುತ್ತಿತ್ತೆಂಬ ಪಟ್ಟಿಯನ್ನು ಆ ಎಕ್ಸೆಪ್ಷನ್‌ಗಳೇ ನಿಮಗೆ ಮಾಡಿಕೊಡುತ್ತಿವೆ. ಸರಿಪಡಿಸಿದ ಪುಟವನ್ನು ಎಸ್‌ಕ್ಯೂಎಲ್ ಲಾಗ್ ಹಾಕಿಕೊಂಡು ತೆರೆದು ಕ್ವೆರಿಗಳನ್ನು ಎಣಿಸಿ. ವಸ್ತುವನ್ನು ಅಕ್ಷರರೂಪಕ್ಕೆ ತರುವ ಟೂ-ಸ್ಟ್ರಿಂಗ್ ಮೆಥಡ್ಡಿನಲ್ಲಿ ಲೇಜಿ ಪಟ್ಟಿಯ ಹೆಸರು ಸೇರಿಕೊಂಡಿದ್ದರೆ ಬರೀ ಲಾಗ್ ಬರೆಯುವ ಸಾಲೇ ಕ್ವೆರಿಯನ್ನು ಹೊರಡಿಸುತ್ತದೆ; ಇಂಥ ಮೆಥಡ್ಡುಗಳನ್ನು ತಾನೇ ಬರೆದುಕೊಡುವ ಲೊಂಬೊಕ್ ಬಳಸುವವರು ಇದನ್ನು ಗಮನಿಸಬೇಕು.

ಪ್ರಶ್ನೆ: ನಮ್ಮದೂ ಸ್ಪ್ರಿಂಗ್ ಬೂಟ್, ಓಪನ್-ಇನ್-ವ್ಯೂ ಟ್ರೂ ಇದೆ, ಡೇಟಾಬೇಸ್ ಪೋಸ್ಟ್‌ಗ್ರೆಸ್. ವಾರದ ಉಳಿದ ದಿನಗಳಲ್ಲಿ ತೊಂದರೆಯಿಲ್ಲ. ಖರೀದಿಯ ದಿನ ಹತ್ತು ಹದಿನೈದು ಮಂದಿ ಒಟ್ಟಿಗೆ ಬಿಲ್ಲು ಮಾಡುವಾಗ ಪುಟಗಳು ಸುತ್ತುತ್ತಲೇ ಇದ್ದು ಅರ್ಧ ನಿಮಿಷದ ಮೇಲೆ ಕನೆಕ್ಷನ್ ಸಿಗಲಿಲ್ಲವೆಂಬ ಎರರ್ ಬರುತ್ತದೆ. ಬಿಲ್ಲು ಉಳಿಸಿದೊಡನೆ ಕೃಷಿಕರಿಗೆ ಎಸ್‌ಎಂಎಸ್ ಹೋಗುವ ಏರ್ಪಾಡು ಇದೆ. ಪೂಲ್ ಸೈಜನ್ನು (ಸಿದ್ಧವಾಗಿಟ್ಟಿರುವ ಡೇಟಾಬೇಸ್ ಕನೆಕ್ಷನ್ನುಗಳ ಸಂಖ್ಯೆಯನ್ನು) 10ರಿಂದ 100ಕ್ಕೆ ಏರಿಸಬಹುದೇ?
– ಓದುಗರೊಬ್ಬರು, ಉಪ್ಪಳ

ಉತ್ತರ: ಎರರ್ ಬರಲು ಹಿಡಿಯುವ ಅರ್ಧ ನಿಮಿಷವೇ ಕಾರಣವನ್ನು ಹೇಳುತ್ತಿದೆ. ಸ್ಪ್ರಿಂಗ್ ಬೂಟಿನ ಜೊತೆ ಬರುವ ಹಿಕಾರಿ ಪೂಲ್ ನೀವು ಬೇರೆ ಹೇಳದಿದ್ದರೆ 10 ಕನೆಕ್ಷನ್‌ಗಳನ್ನು ಇಟ್ಟುಕೊಳ್ಳುತ್ತದೆ, ಹನ್ನೊಂದನೆಯವರನ್ನು 30 ಸೆಕೆಂಡ್ ಕಾಯಿಸಿ ಆಮೇಲೆ ಕೈಯೆತ್ತುತ್ತದೆ.

ಲೆಕ್ಕ ಹಾಕಿ ನೋಡಿ. ಬಿಲ್ಲು ಉಳಿಸುವ ಡೇಟಾಬೇಸ್ ಕೆಲಸಕ್ಕೆ 50 ಮಿಲಿಸೆಕೆಂಡ್ ಸಾಕು ಎಂದಿಟ್ಟುಕೊಳ್ಳೋಣ. ಒಂದು ಕನೆಕ್ಷನ್ ಸೆಕೆಂಡಿಗೆ 20 ಬಿಲ್ಲು ಮುಗಿಸುತ್ತದೆ, ಹತ್ತು ಸೇರಿ 200. ಈಗ ಎಸ್‌ಎಂಎಸ್ ಕಂಪೆನಿಯ ಸರ್ವರ್ ಉತ್ತರಿಸಲು 2 ಸೆಕೆಂಡ್ ತೆಗೆದುಕೊಂಡಿತು, ಅಷ್ಟು ಹೊತ್ತೂ ಕನೆಕ್ಷನ್ ನಿಮ್ಮ ಕೈಯಲ್ಲೇ ಇತ್ತು ಎಂದಾದರೆ ಅದೇ ಹತ್ತು ಕನೆಕ್ಷನ್ನುಗಳಿಂದ ಸೆಕೆಂಡಿಗೆ 5 ಬಿಲ್ಲು ಕೂಡ ಆಗುವುದಿಲ್ಲ. ಆ ಸರ್ವರ್ ಇನ್ನಷ್ಟು ನಿಧಾನವಾದ ದಿನ ನಿಮ್ಮ ಬಿಲ್ಲು ನಿಂತೇ ಹೋಗುತ್ತದೆ. ಡೇಟಾಬೇಸಿಗೆ ಮಾತ್ರ ಏನೂ ಕೆಲಸವಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಪಿಜಿ ಸ್ಟ್ಯಾಟ್ ಆ್ಯಕ್ಟಿವಿಟಿ ನೋಡಿದರೆ ಸಾಲು ಸಾಲು ಕನೆಕ್ಷನ್ನುಗಳು ‘ಐಡಲ್ ಇನ್ ಟ್ರಾನ್ಸಾಕ್ಷನ್’ ಎಂದು ಸುಮ್ಮನೆ ಕುಳಿತಿರುವುದು ಕಾಣುತ್ತದೆ.

ಆದ್ದರಿಂದ ಪೂಲ್ ಏರಿಸುವುದು ಮದ್ದಲ್ಲ. ಪೋಸ್ಟ್‌ಗ್ರೆಸ್ ಪ್ರತಿ ಕನೆಕ್ಷನ್ನಿಗೂ ಒಂದು ಪ್ರತ್ಯೇಕ ಪ್ರಾಸೆಸ್ ನಡೆಸುತ್ತದೆ, ಅದರ ಮ್ಯಾಕ್ಸ್ ಕನೆಕ್ಷನ್ಸ್ ಸಾಮಾನ್ಯವಾಗಿ 100ಕ್ಕೇ ಇರುತ್ತದೆ, ಅದರಲ್ಲೂ ಕೆಲವು ಸೂಪರ್‌ಯೂಸರ್‌ಗೆ ಮೀಸಲು. ನೂರನ್ನೂ ನೀವೇ ಹಿಡಿದುಕೊಂಡರೆ ಬ್ಯಾಕಪ್ ತೆಗೆಯಲು ಬಂದವರಿಗೆ ಒಳಗೆ ಹೋಗುವುದಕ್ಕೂ ಕಷ್ಟ.

ಎಸ್‌ಎಂಎಸ್ ಕಳುಹಿಸುವ ಸಾಲನ್ನು ಟ್ರಾನ್ಸಾಕ್ಷನ್ನಿನಿಂದ ಹೊರಗೆ ತನ್ನಿ. ಅಷ್ಟರಿಂದಲೇ ಬಗೆಹರಿಯಬೇಕಿತ್ತು, ಆದರೆ ನಿಮ್ಮಲ್ಲಿ ಓಪನ್-ಇನ್-ವ್ಯೂ ಟ್ರೂ ಇರುವುದರಿಂದ ಬಗೆಹರಿಯುವುದಿಲ್ಲ: ಟ್ರಾನ್ಸಾಕ್ಷನ್ ಮುಗಿದರೂ ಸೆಷನ್ ಮುಗಿಯುವುದಿಲ್ಲ, ಒಮ್ಮೆ ಪಡೆದ ಕನೆಕ್ಷನ್ ಸಾಮಾನ್ಯವಾಗಿ ರಿಕ್ವೆಸ್ಟ್ ಮುಗಿಯುವ ತನಕ ಅದರ ಕೈಯಲ್ಲೇ ಉಳಿಯುತ್ತದೆ. ಎರಡೂ ಆಗಬೇಕು, ಫಾಲ್ಸ್ ಮಾಡಿದ ಮೇಲೆ ಬರುವ ಎಕ್ಸೆಪ್ಷನ್ನುಗಳಿಗೆ ಬದಿಯಡ್ಕದವರಿಗೆ ಹೇಳಿದ ಉತ್ತರವೇ ನಿಮಗೂ. ಟ್ರಾನ್ಸಾಕ್ಷನ್ನಿನ ಒಳಗಿನಿಂದ ಎಸ್‌ಎಂಎಸ್ ಕಳುಹಿಸುವುದರಲ್ಲಿ ಇನ್ನೊಂದು ಅಪಾಯವೂ ಇದೆ. ‘ನಿಮ್ಮ ಖಾತೆಗೆ ಹಣ ಜಮೆಯಾಗಿದೆ’ ಎಂಬ ಸಂದೇಶ ಹೋದ ಮೇಲೆ ಕಮಿಟ್ ವಿಫಲವಾದರೆ ದಾಖಲೆ ಅಳಿಯುತ್ತದೆ, ಸಂದೇಶ ಅಳಿಯುವುದಿಲ್ಲ. ಕಮಿಟ್ ಆದ ಮೇಲೆ ಮಾತ್ರ ಓಡುವ ಟ್ರಾನ್ಸಾಕ್ಷನಲ್ ಈವೆಂಟ್ ಲಿಸನರ್ ಬಳಸಿ. ಅದು ತಾನಾಗಿ ಬೇರೆ ಥ್ರೆಡ್ಡಿಗೆ (ಪ್ರೋಗ್ರಾಮಿನಲ್ಲಿ ಏಕಕಾಲಕ್ಕೆ ಓಡುವ ಇನ್ನೊಂದು ಎಳೆಗೆ) ಹೋಗುವುದಿಲ್ಲ, ಕಮಿಟ್ ಆದರೂ ಕನೆಕ್ಷನ್ ಪೂಲಿಗೆ ಮರಳುವ ಮುಂಚೆಯೇ ಓಡುತ್ತದೆ. ಆದ್ದರಿಂದ ಬೇರೆ ಥ್ರೆಡ್ಡಿನಲ್ಲಿ ಓಡುವಂತೆ ಅದರ ಮೇಲೆ ಅಸಿಂಕ್ ಎಂದೂ ಬರೆಯಿರಿ. ಅದಕ್ಕೆ ಬಿಲ್ಲಿನ ಎಂಟಿಟಿಯನ್ನು ಕೊಡಬೇಡಿ. ಸೆಷನ್ ಎರಡು ಥ್ರೆಡ್ಡುಗಳು ಹಂಚಿಕೊಳ್ಳುವಂಥದ್ದಲ್ಲ. ಫೋನ್ ನಂಬರು ಮತ್ತು ಮೊತ್ತ ಕೊಟ್ಟರೆ ಸಾಕು.

ಪ್ರಶ್ನೆ: ನಮ್ಮ ಕನ್ನಡ ಶಾಲೆಯ ಗ್ರಂಥಾಲಯಕ್ಕೆ ಪೈಥಾನಿನ ಜ್ಯಾಂಗೋ ಬಳಸಿ ಪುಸ್ತಕಗಳ ಪಟ್ಟಿಯ ಪುಟ ಮಾಡಿದ್ದೇನೆ. ಜ್ಯಾಂಗೋದಲ್ಲಿ ಸೆಷನ್ ಮುಚ್ಚಿತೆಂಬ ಎರರ್ ಬರುವುದೇ ಇಲ್ಲ. ಹಾಗಾದರೆ ಈ ಸಮಸ್ಯೆ ಅಲ್ಲಿ ಇಲ್ಲವೆಂದು ತಿಳಿಯಬಹುದೇ?
– ಶಿಕ್ಷಕರೊಬ್ಬರು, ತಾಳವಾಡಿ

ಉತ್ತರ: ಎರರ್ ಇಲ್ಲ, ಸಮಸ್ಯೆ ಇದೆ. ಜ್ಯಾಂಗೋದಲ್ಲಿ ಹೈಬರ್ನೇಟಿನಂಥ ಸೆಷನ್ ಇಲ್ಲ. ಟೆಂಪ್ಲೇಟ್ ಕೇಳಿದಾಗಲೂ ಆ ಥ್ರೆಡ್ಡಿನ ಕನೆಕ್ಷನ್ನಿನಲ್ಲಿ ಕ್ವೆರಿ ಸದ್ದಿಲ್ಲದೆ ಹೋಗುತ್ತದೆ. ಗೋದಾಮು ಸದಾ ತೆರೆದಿರುವುದರಿಂದ ಜೀಪು ಎಷ್ಟು ಸಲ ಓಡಿತೆಂದು ಯಾರೂ ಕೇಳುವುದಿಲ್ಲ. ಪುಸ್ತಕದಿಂದ ಪ್ರಕಾಶಕರಿಗೆ ಹೋಗುವ ಫಾರಿನ್ ಕೀಗೆ ಸೆಲೆಕ್ಟ್ ರಿಲೇಟೆಡ್, ಪುಸ್ತಕದ ಹಲವು ಲೇಖಕರಿಗೆ ಪ್ರಿಫೆಚ್ ರಿಲೇಟೆಡ್ ಬಳಸಿ. ಪ್ರಿಫೆಚ್ ಮಾಡಿದ ಪಟ್ಟಿಯ ಮೇಲೆ ಪುನಃ ಫಿಲ್ಟರ್ ಹಾಕಿದರೆ ತಂದದ್ದು ವ್ಯರ್ಥವಾಗಿ ಹೊಸ ಕ್ವೆರಿ ಹೋಗುತ್ತದೆ, ಫಿಲ್ಟರನ್ನು ಪ್ರಿಫೆಚ್ ಆಬ್ಜೆಕ್ಟಿನೊಳಗೇ ಬರೆಯಿರಿ. ಟೆಸ್ಟಿನಲ್ಲಿ ಅಸರ್ಟ್ ನಮ್ ಕ್ವೆರೀಸ್ ಹಾಕಿಟ್ಟರೆ, ಮುಂದೆ ಯಾರಾದರೂ ಟೆಂಪ್ಲೇಟಿಗೆ ಒಂದು ಹೆಸರು ಸೇರಿಸಿ ಕ್ವೆರಿಗಳನ್ನು ನೂರು ಮಾಡಿದ ದಿನ ಟೆಸ್ಟ್ ಕೆಂಪಾಗುತ್ತದೆ. ಪೈಥಾನಿನಲ್ಲೇ ಎಸ್‌ಕ್ಯೂಎಲ್ ಆಲ್ಕೆಮಿ ಬಳಸುವವರಿಗೆ ಮಾತ್ರ ಹೈಬರ್ನೇಟಿನವರ ಅನುಭವವೇ ಆಗುತ್ತದೆ: ಅಲ್ಲಿ ಬರುವ ಎರರಿನ ಹೆಸರು ಡಿಟ್ಯಾಚ್ಡ್ ಇನ್‌ಸ್ಟೆನ್ಸ್ ಎರರ್. ಕಮಿಟ್ ಆದೊಡನೆ ವಸ್ತುಗಳಲ್ಲಿ ತುಂಬಿದ್ದ ಮಾಹಿತಿ ಹಳತಾಯಿತೆಂದು ಅದು ತೆಗೆದುಹಾಕುವುದರಿಂದ, ಸೆಷನ್ ಮುಚ್ಚಿದ ಮೇಲೆ ಬರೀ ಪುಸ್ತಕದ ಹೆಸರು ಕೇಳಿದರೂ ಆ ಎರರ್ ಬರಬಹುದು.

ಪ್ರಶ್ನೆ: ಲಾಗಿನ್ ಆದವರ ಯೂಸರ್ ಎಂಟಿಟಿಯನ್ನು ಸೆಷನ್ನಿನಲ್ಲಿ ಇಟ್ಟಿದ್ದೇನೆ. ಮೊದಲ ಪುಟ ಬರುತ್ತದೆ, ಎರಡನೆಯ ಕ್ಲಿಕ್ಕಿಗೆ ‘ನೋ ಸೆಷನ್’ ಎನ್ನುತ್ತದೆ. ಸೆಷನ್ ಇದೆಯಲ್ಲ?
– ಓದುಗರೊಬ್ಬರು, ಅಕ್ಕಲಕೋಟೆ

ಉತ್ತರ: ಹೆಸರು ಒಂದೇ, ವಸ್ತು ಎರಡು. ನೀವು ಎಂಟಿಟಿಯನ್ನು ಇಟ್ಟದ್ದು ಎಚ್‌ಟಿಟಿಪಿ ಸೆಷನ್ನಿನಲ್ಲಿ. ಅದು ಬ್ರೌಸರಿನ ಕುಕಿಯ ಗುರುತಿನ ಮೇಲೆ ಹಲವು ರಿಕ್ವೆಸ್ಟುಗಳವರೆಗೆ ಬಾಳುತ್ತದೆ, ಟಾಮ್‌ಕ್ಯಾಟ್ ವೆಬ್ ಸರ್ವರಿನಲ್ಲಿ ಯಾರೂ ಮುಟ್ಟದಿದ್ದರೆ ಸಾಮಾನ್ಯವಾಗಿ 30 ನಿಮಿಷ. ಎರರ್ ಹೇಳುತ್ತಿರುವುದು ಹೈಬರ್ನೇಟ್ ಸೆಷನ್ನಿನ ಮಾತು. ಅದು ಮೊದಲ ರಿಕ್ವೆಸ್ಟಿನೊಂದಿಗೇ ಮುಗಿಯಿತು. ಅದರ ಚೀಟಿಯನ್ನು ಎರಡನೆಯ ರಿಕ್ವೆಸ್ಟಿಗೆ ಹೊತ್ತುಕೊಂಡು ಹೋದಿರಿ. ಎರರ್ ಬಾರದಿದ್ದರೂ ಅಲ್ಲಿ ಎಂಟಿಟಿಯನ್ನು ಇಡುವುದು ಸರಿಯಲ್ಲ, ಏಕೆಂದರೆ ಅಷ್ಟರಲ್ಲಿ ಅವರ ಅಧಿಕಾರವನ್ನು ಯಾರಾದರೂ ಕಿತ್ತುಕೊಂಡಿದ್ದರೂ ನಿಮ್ಮ ಕೈಯಲ್ಲಿರುವ ಪ್ರತಿಗೆ ಅದು ತಿಳಿದಿರುವುದಿಲ್ಲ. ಯೂಸರಿನ ಸಂಖ್ಯೆಯನ್ನು ಮಾತ್ರ ಅಲ್ಲಿಟ್ಟು, ಪ್ರತಿ ರಿಕ್ವೆಸ್ಟಿನಲ್ಲೂ ಆ ಸಂಖ್ಯೆಯಿಂದ ಹೊಸದಾಗಿ ಓದಿಕೊಳ್ಳಿ; ಪ್ರೈಮರಿ ಕೀಯಿಂದ ಒಂದು ಸಾಲು ಓದುವುದು ಡೇಟಾಬೇಸಿಗೆ ಭಾರವಲ್ಲ.